ಟವೆಲಿನ ಕೆಳಗೆ ನನ್ನ ಮಹಾಧಮನಿ

ದಲಾಲಿಯನ್ನು ಎಲ್ಲಿ ಕೂರಿಸಿದರೂ ಅಲ್ಲೊಂದು ವ್ಯಾಪಾರ ಹುಟ್ಟಿಕೊಳ್ಳುತ್ತದೆ. ಬೀಗರ ಮನೆಯ ಪಂಕ್ತಿಯಲ್ಲಿ ಹುಟ್ಟಿದ್ದುಂಟು, ಮಂತ್ರಾಲಯದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಹುಟ್ಟಿದ್ದುಂಟು. ಎದೆ ಕೊಯ್ಸಿಕೊಳ್ಳಲು ಹೋದಲ್ಲೂ ಅದು ಬೆನ್ನು ಬಿಡುವುದಿಲ್ಲ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ.

ನಾನು ಆಂಧ್ರದ ಗಡಿಯ ಆದೋನಿಯ ಮಾರುಕಟ್ಟೆ ಯಾರ್ಡಿನಲ್ಲಿ ಮೂವತ್ತೈದು ವರ್ಷದಿಂದ ಹತ್ತಿ ದಲಾಲಿ. ನಮ್ಮ ಕಾಲದಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಡುವವನೂ ಕೊಳ್ಳುವವನೂ ಟವೆಲಿನ ಕೆಳಗೆ ಕೈ ಕೂಡಿಸಿ ಬೆರಳು ಹಿಡಿದು ಹೇಳುತ್ತಿದ್ದೆವು. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಏಳು ಅನ್ನಬೇಕಾದರೆ ಮೊದಲು ಐದು ಹಿಡಿದು ಬಿಟ್ಟು, ಮತ್ತೆ ಎರಡು ಹಿಡಿಯುವುದು. ಸುತ್ತ ಹತ್ತು ಜನ ನಿಂತಿದ್ದರೂ ಒಬ್ಬರಿಗೂ ತಿಳಿಯಬಾರದು. ಈಗ ಯಾರ್ಡಿನಲ್ಲಿ ಎಲ್ಲವೂ ಕಂಪ್ಯೂಟರಿನ ಮೇಲೆ ನಡೆಯುತ್ತದೆ, ಆದರೆ ನನ್ನ ಹೆಗಲ ಮೇಲಿನ ಟವೆಲ್ ಇಳಿದಿಲ್ಲ, ಬೆರಳುಗಳೂ ಮರೆತಿಲ್ಲ.

ಹೋದ ವರ್ಷ ಕೆಮ್ಮು ಹಿಡಿಯಿತು. ಹತ್ತಿ ದೂಳಿನ ಕೆಮ್ಮು ಅಂತ ನಾನು, ಬೀಡಿ ಕೆಮ್ಮು ಅಂತ ನನ್ನ ಹೆಂಡತಿ. ಎಕ್ಸ್‌ರೇ ತೆಗೆಸಿದರೆ ಇಬ್ಬರ ಮಾತಿಗೂ ಸಂಬಂಧವಿಲ್ಲದ ಮೂರನೆಯದು ಕಂಡಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಧಮನಿ ಅಂತಾರಲ್ಲ, ಅದು ಊದಿಕೊಂಡಿತ್ತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಬಾಯಿತನಕ ತುರುಕಿದ ಹತ್ತಿ ಬೋರಾದ, ಅಂದರೆ ಗೋಣಿಚೀಲದ ಹಾಗೆ ಆಗಿದೆ, ಯಾವತ್ತು ಹೊಲಿಗೆ ಬಿಚ್ಚುತ್ತದೋ ಹೇಳಲಾಗದು, ಬಿಚ್ಚಿದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಸಿಗದು ಅಂದರು. ನಾನು ಅಲ್ಲೇ ತೀರ್ಮಾನ ಮಾಡಿದೆ. ಬೋರಾ ಒಡೆಯುವ ಮುಂಚೆ ಬದಲಿಸಬೇಕು. ಹೆದರಿಕೆ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಇನ್ನೂ ಬದುಕಬೇಕು ಅನ್ನುವ ಹಟ ಅದಕ್ಕಿಂತ ಒಂದು ತೂಕ ಜಾಸ್ತಿ ಇತ್ತು.

ಎಳೆ ನೋಡಿದ್ದು

ಆಪರೇಷನ್ ಮಾಡುವ ಡಾಕ್ಟರು ನಮ್ಮ ಪಕ್ಕದ ಆಲೂರಿನವರೇ. ವಯಸ್ಸು ನಲವತ್ತಿರಬಹುದು, ಮಾತು ಮಾತ್ರ ನಮ್ಮ ಕಡೆಯದೇ. ಊದಿದ ನಾಳವನ್ನು ಕತ್ತರಿಸಿ ತೆಗೆದು ಅಲ್ಲಿ ಬಟ್ಟೆಯ ಕೊಳವೆ ಹೊಲಿಯುತ್ತೇವೆ ಅಂತ ಹೇಳಿ, ಮೇಜಿನ ಖಾನೆಯಿಂದ ಒಂದು ಮಾದರಿ ತೆಗೆದು ಕೈಗೆ ಕೊಟ್ಟರು. ಬೆಳ್ಳಗೆ, ಮೈಯೆಲ್ಲ ಸಣ್ಣ ನಿರಿಗೆ.

ಬಟ್ಟೆ ಅಂದಮೇಲೆ ನಾನು ಸುಮ್ಮನೆ ಬಿಡುವವನಲ್ಲ. ಹೆಬ್ಬೆರಳಿನಲ್ಲಿ ತಿಕ್ಕಿದೆ, ಬೆಳಕಿಗೆ ಹಿಡಿದೆ, ಅಂಚಿನಿಂದ ಒಂದು ಎಳೆ ಕಿತ್ತು ಎರಡೂ ಕೈಯಲ್ಲಿ ಜಗ್ಗಿ ನೋಡಿದೆ. ಅದು ಹರಿಯಲಿಲ್ಲ. ನನ್ನ ಅನುಮಾನ ನಿಜವಾಯಿತು.

"ಡಾಕ್ಟರೇ, ಇದು ಹತ್ತಿ ಅಲ್ಲ."

"ಅಲ್ಲ ಸಾವ್ಕಾರ್ರ. ಪಾಲಿಯೆಸ್ಟರ್."

ನನಗೆ ಆಪರೇಷನ್ ಅಂದಾಗಲೂ ಆಗದ ಸಂಕಟ ಆಗ ಆಯಿತು. ಪಾಲಿಯೆಸ್ಟರ್ ಬಂದಾಗಿನಿಂದ ಹತ್ತಿಗೆ ಕಿಮ್ಮತ್ತಿಲ್ಲ ಅಂತ ಅದನ್ನು ದಿನಾ ಶಪಿಸಿದವನು ನಾನು. ಮನೆಯಲ್ಲಿ ಕೈ ಒರೆಸುವ ಬಟ್ಟೆಯೂ ಹತ್ತಿಯದೇ ಇರಬೇಕು ಅಂತ ಕಾಯಿದೆ ಮಾಡಿದವನು.

"ಹತ್ತೀದು ಸಿಗಂಗಿಲ್ಲೇನು? ಬೇಕಾದ್ರ ನಮ್ಮ ಯಾರ್ಡಿನಿಂದ ಒಳ್ಳೆ ಉದ್ದ ಎಳೀದು ಕಳಸ್ತೀನಿ."

"ಸಾವ್ಕಾರ್ರ, ರಕ್ತದಾಗ ನೆಂದ್ರ ಹತ್ತಿ ಕೊಳೀತೈತಿ. ಇದು ನಿಮ್ಮ ಆಯುಷ್ಯಪೂರ್ತಿ ಬಾಳಿಕಿ ಬರ್ತೈತಿ."

ನನ್ನ ಜೊತೆ ಬಂದಿದ್ದ ಪಾಲುದಾರ ಹಿಂದೆ ನಿಂತಿದ್ದ. ಮಾಧವರಂ ಕಡೆಯ ಕುರಿ ಸಾಕುವ ಮನೆತನದವನು, ನನಗಿಂತ ಹತ್ತು ವರ್ಷ ಚಿಕ್ಕವನು. ನನ್ನ ಭುಜದ ಮೇಲೆ ಕೈ ಇಟ್ಟು ಸಮಾಧಾನ ಹೇಳಿದ.

"ಹೋಗ್ಲಿ ಬಿಡಣ್ಣ. ಇಷ್ಟು ವರ್ಷ ನಮ್ಮ ಹೊಟ್ಟಿ ಮ್ಯಾಲ ಹೊಡದೈತಿ, ಈಗರ ನಿನ್ನ ಎದ್ಯಾಗ ಕುಂತು ದುಡೀಲಿ."

ನೂರಕ್ಕೆ ಎಷ್ಟು

ಮುಂದಿನ ಸಲ ಹೆಂಡತಿಯನ್ನು ಕರೆದುಕೊಂಡು ಹೋದೆ, ಏಕೆಂದರೆ ಒಪ್ಪಿಗೆ ಕಾಗದಕ್ಕೆ ಆಕೆಯ ಸೈ ಬೇಕಾಗಿತ್ತು. ಅಲ್ಲಿಯೇ ನನ್ನ ಕಷ್ಟ ಇದ್ದದ್ದು. ಕೆಲವು ವರ್ಷಗಳ ಹಿಂದೆ ಆಕೆಯ ಅಣ್ಣ ಬೇರೆ ಯಾವುದೋ ಆಪರೇಷನ್ನಿಗೆ ಹೋದಾಗ, ಅಪಾಯ ನೂರಕ್ಕೆ ಐದು ಅಂದಿದ್ದರು. ಪುಣ್ಯಾತ್ಮ ಹೋಗಿ ಆ ಐದರಲ್ಲೇ ಸೇರಿಬಿಟ್ಟ. ಅವತ್ತಿನಿಂದ ಆಕೆಗೆ ಡಾಕ್ಟರ ಬಾಯಿಂದ ಅಂಕಿ ಬಂದರೆ ಸಾಕು, ಕೈಕಾಲು ತಣ್ಣಗಾಗುತ್ತವೆ. ನನ್ನ ಅಂಕಿ ಐದಕ್ಕಿಂತ ಹೆಚ್ಚಿದ್ದರೆ ಆಕೆ ಸೈ ಹಾಕುವುದಿಲ್ಲ. ಸೈ ಇಲ್ಲದೆ ಇವರು ಮುಟ್ಟುವುದಿಲ್ಲ. ಇವರು ಮುಟ್ಟದಿದ್ದರೆ ಬೋರಾ ಒಡೆಯುತ್ತದೆ.

ಡಾಕ್ಟರು, "ಇದು ದೊಡ್ಡ ಆಪರೇಷನ್ ಸಾವ್ಕಾರ್ರ, ನೂರಕ್ಕ..." ಅಂತ ಬಾಯಿ ತೆರೆಯುವಷ್ಟರಲ್ಲಿ ನಾನು ಹೆಗಲ ಟವೆಲ್ ತೆಗೆದು ಮೇಜಿನ ಮೇಲೆ ನನ್ನ ಕೈಗೆ ಮುಚ್ಚಿ ಅವರತ್ತ ಚಾಚಿದೆ. ಅವರು ಒಂದು ಗಳಿಗೆ ನೋಡಿದರು. ಆಮೇಲೆ ಮುಗುಳ್ನಕ್ಕು, "ನಮ್ಮಜ್ಜ ಶೇಂಗಾ ಮಾರೋವಾಗ ನೋಡೀನಿ," ಅಂದು ಟವೆಲಿನ ಕೆಳಗೆ ಕೈ ತೂರಿಸಿದರು. ಹೆಂಡತಿ ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತ ಕೂತಿದ್ದಳು.

ಡಾಕ್ಟರು ಐದೂ ಬೆರಳು ಹಿಡಿದು ಬಿಟ್ಟು, ಮತ್ತೆ ಐದೂ ಹಿಡಿದರು. ಹತ್ತು. ಹೆಂಡತಿಯ ಅಣ್ಣನ ಅಂಕಿಯ ಎರಡರಷ್ಟು. ಆದರೆ ಮೊದಲ ದರಕ್ಕೆ ಒಪ್ಪಿಕೊಂಡ ಮಾರಾಟ ನನ್ನ ಜನ್ಮದಲ್ಲಿ ಇಲ್ಲ. ನಾನು ಐದು ಹಿಡಿದೆ. ಅವರು ಹತ್ತಕ್ಕೇ ನಿಂತರು. ನಾನು ಆರಕ್ಕೆ ಏರಿದೆ. ಅವರು ಮತ್ತೆ ಹತ್ತು. ಯಾರ್ಡಿನಲ್ಲಾಗಿದ್ದರೆ ಇಷ್ಟೊತ್ತಿಗೆ ಎದ್ದು ಹೋಗುವ ಆಟ ಆಡುತ್ತಿದ್ದೆ, ಇಲ್ಲಿ ಎದ್ದು ಎಲ್ಲಿಗೆ ಹೋಗುವುದು?

ಅವರು ಬಾಯಿಂದ ಕೇಳಿದರು, "ಬೀಡಿ ಸೇದ್ತೀರೇನು?"

"ಯಾರ್ಡಿನಾಗ ಸೇದಂಗಿಲ್ರಿ. ಹತ್ತಿ ಇರ್ತೈತಿ."

"ಮನ್ಯಾಗ?"

ನಾನು ಟವೆಲಿನ ಅಂಚು ಸರಿಮಾಡಿದೆ. ಹೆಂಡತಿ ಚಿತ್ರದಿಂದ ಕಣ್ಣು ತೆಗೆಯದೆ, "ದಿನಕ್ಕ ಒಂದು ಕಟ್ಟು," ಅಂದಳು.

"ಒಂದು ತಿಂಗಳು ಬೀಡಿ ಪೂರಾ ಬಿಡ್ರಿ. ಬಿ.ಪಿ. ಗುಳಗಿ ತಪ್ಪಿಸಬ್ಯಾಡ್ರಿ. ನಾ ಹೇಳಿದಷ್ಟೇ ದಿನಾ ನಿಧಾನಕ್ಕ ನಡೀರಿ, ಭಾರ ಎತ್ತಬ್ಯಾಡ್ರಿ. ಆಮ್ಯಾಲ ಬರ್ರಿ," ಅಂದವರು ಟವೆಲಿನ ಕೆಳಗೆ ಐದು ಹಿಡಿದು ಬಿಟ್ಟು ಮೂರು ಹಿಡಿದರು. ಎಂಟು. ನಾನು ಅಂಗೈ ಒತ್ತಿ ಮುಗಿಸಿದೆ.

ಹೊರಗೆ ಬಂದಮೇಲೆ ಹೆಂಡತಿ ಕೇಳಿದಳು, "ಎಷ್ಟಕ್ಕ ಮುಗೀತು?"

"ನೂರಕ್ಕ ಒಂದು."

"ಹೌದೇನು? ಹಂಗಾರ ಸೈ ಮಾಡ್ತೀನಿ."

ಅಲ್ಲೇ ಕಾಗದ ಇಸಿದುಕೊಂಡು ಸೈ ಮಾಡಿದಳು. ಆಮೇಲೆ, ಒಳಗೆ ಚೀಲ ಮರೆತೆ ಅಂತ ಹೇಳಿ ಡಾಕ್ಟರ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದಳು. ಮದುವೆಯಾದಾಗಿನಿಂದ ನಾನು ಹೇಳಿದ ಸುಳ್ಳುಗಳಲ್ಲಿ ಚೌಕಾಸಿ ಇಲ್ಲದೆ ಖರ್ಚಾದದ್ದು ಆ 'ನೂರಕ್ಕ ಒಂದು' ಮಾತ್ರ.

ಇಲಿಯ ಉಪಕಾರ

ಆ ಒಂದು ತಿಂಗಳು ನಾನು ಮಾತಿಗೆ ತಪ್ಪಲಿಲ್ಲ. ಎಂಟಕ್ಕೆ ಅಂಗೈ ಒತ್ತಿದ್ದೇನೆ, ಇನ್ನು ಹಿಂದೆ ಸರಿದರೆ ನಾನೆಂಥ ದಲಾಲಿ. ಬೆಳಿಗ್ಗೆ ಯಾರ್ಡನ್ನು ನಿಧಾನಕ್ಕೆ ಒಂದು ಸುತ್ತು ಹಾಕುತ್ತಿದ್ದೆ. ಪಾಲುದಾರ ನನ್ನ ಹಿಂದೆ ಕುರಿ ಹೊಡೆದುಕೊಂಡು ಬರುವವನ ಹಾಗೆ ಬಾಯಲ್ಲಿ "ಹುರ್ರ್, ಹುರ್ರ್" ಅನ್ನುತ್ತ ಬರುತ್ತಿದ್ದ. ಹಮಾಲರು ಕೆಲಸ ನಿಲ್ಲಿಸಿ ನೋಡಿದರು. ಮೂರನೇ ದಿನ ಅವರೂ "ಹುರ್ರ್" ಅನ್ನತೊಡಗಿದರು. ನಾನು ಬಿಡಲಿಲ್ಲ.

ಹತ್ತನೇ ದಿನ ಮಾತ್ರ ಮನಸ್ಸು ಜಾರಿತು. ಮಧ್ಯಾಹ್ನ ಊಟವಾದ ಮೇಲೆ ನಾಲಿಗೆ ಬೀಡಿ ಬೀಡಿ ಅನ್ನುತ್ತಿತ್ತು. ಮನೆಯಲ್ಲಿದ್ದ ಕಟ್ಟನ್ನು ಮೊದಲ ದಿನವೇ ಎಲ್ಲರೆದುರು ಒಲೆಗೆ ಹಾಕಿದ್ದೆ. ಆದರೆ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ, ತೊಲೆಯ ಸಂದಿಯಲ್ಲಿ, ಆಪತ್ತಿಗೆ ಅಂತ ಇನ್ನೊಂದು ಕಟ್ಟು ಇಟ್ಟಿದ್ದು ಲೋಕದಲ್ಲಿ ನನಗೊಬ್ಬನಿಗೇ ಗೊತ್ತು. ಎಮ್ಮೆ ನೋಡುತ್ತಿದ್ದಂತೆ ಕಲ್ಲು ಹತ್ತಿ ಕೈ ಹಾಕಿದೆ. ಬೀಡಿ ಇರಲಿಲ್ಲ. ಅದೇ ಜಾಗದಲ್ಲಿ ಒಂದು ಪೊಟ್ಟಣ ಸೋಂಪು ಇತ್ತು.

ಅಲ್ಲೇ ನಿಂತು ಸೋಂಪು ಜಗಿದೆ. ಮನಸ್ಸು ತಹಬಂದಿಗೆ ಬಂತು. ಆಮೇಲೆ ಮತ್ತೆ ಆ ಕಡೆ ಹೋಗಲಿಲ್ಲ. ಇಲಿ ಬೀಡಿ ಒಯ್ಯುವುದನ್ನು ಕೇಳಿದ್ದೇನೆ, ಬದಲಿಗೆ ಸೋಂಪು ಇಟ್ಟುಹೋಗುವ ಇಲಿಯನ್ನು ಅವತ್ತೇ ಕಂಡದ್ದು.

ಕೊಯ್ಯುವ ಜಾಗದಲ್ಲಿ ಶಿವ

ಆಪರೇಷನ್ನಿನ ಹಿಂದಿನ ದಿನ ನರ್ಸಮ್ಮ ಬಂದು ಉಂಗುರ, ಉಡದಾರ, ಕೊರಳಲ್ಲಿದ್ದದ್ದು ಎಲ್ಲ ತೆಗೆಯಿರಿ ಅಂದಳು. ಆಕೆ ತೆಲುಗಿನವಳು. ನಮ್ಮ ಕಡೆಯವರಿಗೆ ಅದೊಂದು ತೊಡಕೇ ಅಲ್ಲ, ಆಕೆ ತೆಲುಗಿನಲ್ಲಿ ಕೇಳಿದ್ದು ನನಗೆ ಕನ್ನಡದಲ್ಲೇ ಕೇಳಿಸುತ್ತದೆ. ಎಲ್ಲ ತೆಗೆದೆ. ಎದೆಯ ಮೇಲೆ ಕರಡಿಗೆಯ ಬೆಳ್ಳಿ ಡಬ್ಬಿಯಲ್ಲಿದ್ದ ಇಷ್ಟಲಿಂಗ ಮಾತ್ರ ತೆಗೆಯಲಿಲ್ಲ. ಎಂಟನೇ ವಯಸ್ಸಿನಲ್ಲಿ ಕಟ್ಟಿದ್ದು, ಮೈ ಬಿಟ್ಟು ಇಳಿದಿಲ್ಲ, ಇಳಿಯಬಾರದು.

ನರ್ಸಮ್ಮ ಡಾಕ್ಟರನ್ನು ಕರೆತಂದಳು. ಅವರು ನೋಡಿ ತಲೆ ಕೆರೆದುಕೊಂಡರು. "ಸಾವ್ಕಾರ್ರ, ನಾನು ಕೊಯ್ಯಬೇಕಾದ ಜಾಗದಾಗೇ ದೇವರು ಕುಂತಾನ. ಮ್ಯಾಲ ಬೆಳ್ಳಿ ಕರಡಿಗಿ ಬ್ಯಾರೆ. ನಾವು ಕರೆಂಟಿನಿಂದ ರಕ್ತ ನಿಲ್ಲಸ್ತೀವಿ, ಲೋಹ ಇದ್ರ ಮೈ ಸುಡತೈತಿ."

ನಾನು ಹಟ ಹಿಡಿದೆ. ಅವರೂ ಹಿಡಿದರು. ಕೊನೆಗೆ ದಾರಿ ತೋರಿಸಿದ್ದು ಹೆಂಡತಿ.

"ಎದಿ ಮ್ಯಾಲೇ ಇರಬೇಕಂತ ಏನಿಲ್ಲ. ಕೊರಳಾಗ, ತೋಳಿಗೆ, ತಲಿ ಮ್ಯಾಲೂ ಧರಸಬೌದು. ಹೊಕ್ಕಳ ಕೆಳಗ ಇಳೀಬಾರದು, ಅಷ್ಟ. ಕರಡಿಗಿ ತಗದಿಟ್ಟು ಲಿಂಗ ಒಂದೇ ಬಟ್ಟ್ಯಾಗ ಸುತ್ತಿ ತಲಿಗೆ ಕಟ್ಟೋಣು."

ಡಾಕ್ಟರಿಗೂ ಒಪ್ಪಿಗೆಯಾಯಿತು. ಹೆಂಡತಿ ಲಿಂಗವನ್ನು ಆದೋನಿಯ ಹತ್ತಿಯಲ್ಲಿ ಸುತ್ತಿ, ಮೇಲೆ ಅವರು ಕೊಟ್ಟ ಶುದ್ಧ ಮಾಡಿದ ಬಟ್ಟೆ ಕಟ್ಟಿ, ಆಸ್ಪತ್ರೆಯ ಟೋಪಿಯೊಳಗೆ ಭದ್ರ ಮಾಡಿದಳು. ಕೊನೆಗೂ ಈ ಕೆಲಸದಲ್ಲಿ ಹತ್ತಿಗೊಂದು ಜಾಗ ಸಿಕ್ಕಿತಲ್ಲ ಅಂತ ನನಗೆ ಸಮಾಧಾನವಾಯಿತು.

ಒಳಗೆ ಏನಾಯಿತು ಅನ್ನುವುದನ್ನು ಆಮೇಲೆ ನರ್ಸಮ್ಮ ಹೇಳಿದಳು. ಹೊಲಿಗೆ ಹಾಕುವಾಗ ಸ್ವಲ್ಪ ಹೊತ್ತು ಮೈಯಲ್ಲಿ ರಕ್ತದ ಓಟವನ್ನೇ ನಿಲ್ಲಿಸುತ್ತಾರಂತೆ, ಮಿದುಳು ಕೆಡದಿರಲಿ ಅಂತ ತಲೆಯ ಸುತ್ತ ಐಸ್ ಇಡುತ್ತಾರಂತೆ. ಹಿಮದ ನಡುವೆ ಶಿವ ಹಾಯಾಗಿ ಕೂತಿದ್ದನಂತೆ. ಎಲ್ಲ ಮುಗಿದು ಎದೆ ಮುಚ್ಚುವ ಮುನ್ನ, ಒಳಗೆ ಏನೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಪ್ರತಿಯೊಂದನ್ನೂ ಕೂಗಿ ಎಣಿಸುವುದು ಅಲ್ಲಿನ ಪದ್ಧತಿ. ಎಣಿಸಿದವಳು ಡಾಕ್ಟರಿಗೆ ವರದಿ ಒಪ್ಪಿಸಿದಳಂತೆ:

"ಸೂಜಿ ಸರಿಯಾಗಿವೆ ಸರ್. ಕತ್ತರಿ ಸರಿಯಾಗಿವೆ. ಬಟ್ಟೆ ಸರಿಯಾಗಿವೆ. ಲಿಂಗ ಒಂದು, ತಲೆಯ ಮೇಲೇ ಇದೆ."

ಹೊದಿಕೆಯ ಒಳಗಿನ ಕೈ

ಎಚ್ಚರವಾದಾಗ ಬಾಯಲ್ಲಿ ಉಸಿರಾಟದ ಕೊಳವೆ, ಕಣ್ಣು ತೆರೆದರೆ ಎಲ್ಲ ಮಂಜು ಮಂಜು. ಬದುಕಿದ್ದೇನೋ ಇಲ್ಲವೋ ಅನ್ನುವುದೇ ಅನುಮಾನ. ಮಾತಾಡುವ ಹಾಗಿಲ್ಲ, ಅಲುಗಾಡುವ ಹಾಗಿಲ್ಲ. ಆಗ ಹೊದಿಕೆಯ ಕೆಳಗೆ ಒಂದು ಕೈ ಬಂತು. ನನ್ನ ಐದೂ ಬೆರಳು ಹಿಡಿದು ಬಿಟ್ಟಿತು. ಮತ್ತೆ ಎರಡು ಹಿಡಿಯಿತು.

ಏಳು.

ನನಗೆ ಜೀವ ಬಂದದ್ದು ಆಗಲೇ. ಏಳು ಹೇಗಾಗುತ್ತದೆ? ಮುಗಿದದ್ದು ಎಂಟಕ್ಕೆ. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಐದು ಹಿಡಿದೆ, ಬಿಟ್ಟೆ, ಮೂರು ಹಿಡಿದೆ. ಆ ಕೈ ಮತ್ತೆ ಏಳು ಅಂದಿತು. ನಾನು ಎಂಟು ಅಂದೆ. ಅದು ಏಳು ಅಂದಿತು. ಪಕ್ಕದ ಯಂತ್ರ ಕೂಗತೊಡಗಿತು. ಯಾರೋ ಓಡಿ ಬಂದು, ಬಿ.ಪಿ. ಏರುತ್ತಿದೆ, ಹೊಲಿಗೆ ಇನ್ನೂ ಹಸಿ, ದಯವಿಟ್ಟು ಹೊರಗೆ ಹೋಗಿ ಅಂದರು. ಆ ಕೈ ಹೋಗುವ ಮುಂಚೆ ನನ್ನ ಅಂಗೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಹೋಯಿತು.

ಎಂಟರ ವಿಷಯ ಗೊತ್ತಿದ್ದದ್ದು ನನಗೆ ಮತ್ತು ಡಾಕ್ಟರಿಗೆ. ಅಂದಮೇಲೆ ಅದು ಡಾಕ್ಟರ ಕೈಯೇ. ಮಾಲು ಮನೆ ಸೇರಿದ ಮೇಲೆ ದರ ಬದಲಿಸುವ ಆಸಾಮಿಗಳನ್ನು ಯಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ನನ್ನ ಲಾಭಕ್ಕೆ ಬದಲಿಸಿದವರು ಅವರೊಬ್ಬರೇ.

ನೋವಿನ ದರ

ಕೊಳವೆ ತೆಗೆದು ವಾರ್ಡಿಗೆ ತಂದರು. ಅಲ್ಲಿ ನರ್ಸಮ್ಮ ಹೊತ್ತು ಹೊತ್ತಿಗೆ ಬಂದು, "ನೋವು ಹತ್ತರಲ್ಲಿ ಎಷ್ಟು?" ಅಂತ ಕೇಳುತ್ತಾಳೆ. ನಿಜ ಹೇಳಬೇಕೆಂದರೆ ಆರು ಇತ್ತು. ಆಕೆ ಹೇಗೂ ಚೌಕಾಸಿ ಮಾಡಿ ಇಳಿಸುತ್ತಾಳಲ್ಲ, ಅದಕ್ಕೆ ಎಂಟು ಅಂದೆ. ಆಕೆ ಒಂದು ಮಾತಾಡದೆ ಎಂಟಕ್ಕೆ ತಕ್ಕ ಇಂಜೆಕ್ಷನ್ ಕೊಟ್ಟು ಹೋದಳು. ನಾನು ಮಧ್ಯಾಹ್ನದ ಊಟ ತಪ್ಪಿಸಿಕೊಂಡು ನಿದ್ದೆ ಮಾಡಿದೆ.

ಮುಂದಿನ ಸಲ ಹುಷಾರಾದೆ.

"ಎಷ್ಟು?"

"ಮೊದಲು ನೀವು ಹೇಳ್ರಿ."

"ನೋವು ನಿಮ್ಮದು, ನಾನು ಹೇಗೆ ಹೇಳಲಿ?"

"ಒಂದು ಅಂದಾಜು ಹೇಳ್ರಿ. ಮುಂದ ನೋಡಾಮು."

ಆಕೆ ನನ್ನ ಮುಖ ನೋಡಿದಳು, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದಳು, ಇವತ್ತು ಯಾವ ವಾರ ಅಂತ ಕೇಳಿದಳು. ಆಮೇಲೆ ಫೈಲಿನಲ್ಲಿ, ರೋಗಿ ಗೊಂದಲದಲ್ಲಿದ್ದಾರೆ ಅಂತ ಬರೆದಳು. ಸಂಜೆ ಡಾಕ್ಟರು ಬಂದು ಅದನ್ನು ಓದಿ, ಗೀಟು ಹೊಡೆದು, ಕೆಳಗೆ ತಾವೇ ಬರೆದರು:

"ಗೊಂದಲ ಇಲ್ಲ. ಯಾರ್ಡಿನವರು. ಹೇಳಿದ್ದರಲ್ಲಿ ಎರಡು ಕಳೆಯಿರಿ."

ಮೊಣಕೈ

ಐದನೇ ದಿನ. ಹೆಂಡತಿ ಹಾಸಿಗೆಯ ಪಕ್ಕ ಮೂಸಂಬಿ ಸುಲಿಯುತ್ತಿದ್ದಳು. ಡಾಕ್ಟರು ಬಂದು ಹೊಲಿಗೆ ನೋಡಿ, ಪಾಲಿಯೆಸ್ಟರ್ ಚೆನ್ನಾಗಿ ಕೂತಿದೆ, ಇನ್ನು ಆ ನಾಳದ ಚಿಂತೆ ಬಿಡಿ ಅಂದರು. ನನಗೆ ಮೈಯೆಲ್ಲ ಹಗುರಾಯಿತು. ಹೆಂಡತಿ ಸಾಮಾನು ತೊಳೆಯಲು ಎದ್ದು ಹೋಗಲಿ ಅಂತ ಕಾದೆ, ಹೋಗಲಿಲ್ಲ. ದನಿ ತಗ್ಗಿಸಿ ಡಾಕ್ಟರಿಗೆ ಅಂದೆ:

"ಎಲ್ಲಾ ಸರಿ. ಆದ್ರ ಎಂಟಕ್ಕ ಮುಗಿದ ಮ್ಯಾಲ ಐಸಿಯು ಒಳಗ ಬಂದು ಏಳು ಅಂದ್ರಲ್ಲ, ಅದ್ಯಾಕ?"

"ಐಸಿಯು ಒಳಗ ನಾನು ನಿಮ್ಮ ಕೈ ಹಿಡದೇ ಇಲ್ಲ ಸಾವ್ಕಾರ್ರ," ಅಂದವರು ಹೆಂಡತಿಯ ಕಡೆ ತಿರುಗಿ, "ಅಮ್ಮಾ, ಇನ್ನ ಹೇಳಬೌದೇನು?" ಅಂತ ಕೇಳಿದರು.

ಆಕೆ ಮೂಸಂಬಿಯ ತೊಳೆ ಬಿಡಿಸುತ್ತಲೇ ಹೇಳಿದಳು, "ಆಲೂರಿನಾಗ ನಮ್ಮಪ್ಪನ ದಲಾಲಿ ಅಂಗಡಿಗೆ ಮಜ್ಜಿಗಿ ಕೊಡಾಕ ಹೋದಾಗೆಲ್ಲಾ ಟವೆಲ್ ಸೌದಾ ನಿಂತು ನೋಡ್ತಿದ್ದೆ. ನೀವು ಟವೆಲ್ ಮುಚ್ಚಿದ್ದು ಬೆರಳಿಗೆ. ಮೊಣಕೈಗೆ ಯಾರು ಮುಚ್ಚಿದ್ರು? ಹಿಡದಾಗೊಮ್ಮೆ, ಬಿಟ್ಟಾಗೊಮ್ಮೆ, ಬೆರಳಿನ ಲೆಕ್ಕಕ್ಕ ತಕ್ಕಂಗ ಅದು ಆಡತೈತಿ."

ಮದುವೆಯಾಗಿ ಮೂವತ್ತೆರಡು ವರ್ಷ ಆಕೆಯ ಕಣ್ಣೆದುರು ನಮ್ಮ ಪಡಸಾಲೆಯಲ್ಲಿ ನಡೆದ ಸೌದಾಗಳೆಲ್ಲ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು.

"ಹಂಗಾರ ಹತ್ತು ಅಂದದ್ದೂ ಗೊತ್ತಿತ್ತೇನು? ನಾ ಒಂದು ಅಂದಾಗ ಸುಮ್ಮನ ಸೈ ಮಾಡಿದೆಲ್ಲ?"

"ಒಂದು ಅನ್ನಾಕ ನೀವು ಎಷ್ಟು ಧೈರ್ಯ ಕೂಡಿಸಿದ್ರಿ ಅಂತ ಮುಖದಾಗ ಕಾಣತಿತ್ತು. ಅದನ್ನ ಯಾಕ ಕೆಡಸ್ಲಿ ಅಂತ ಸುಮ್ಮನಾದೆ. ಸೈ ಮಾಡೋವಾಗ ನನ್ನ ಹೆಸರೇ ತಪ್ಪಿ ಬರದು ತಿದ್ದಿದೆ. ನೀವು ನೋಡ್ಲಿಲ್ಲ."

ನಾನು ನೋಡಿರಲಿಲ್ಲ. ನನ್ನ ಸುಳ್ಳು ಖರ್ಚಾದ ಸಂತೋಷದಲ್ಲಿದ್ದೆ.

ಉಳಿದದ್ದನ್ನು ಡಾಕ್ಟರು ಹೇಳಿದರು. "ಅವತ್ತು ಚೀಲ ಮರತೀನಿ ಅಂತ ಬಂದ್ರು. ಚೀಲ ಕೈಯಾಗೇ ಇತ್ತು. ಕೈ ಮ್ಯಾಲ ಸೆರಗು ಮುಚ್ಚಿ ಮುಂದ ಚಾಚಿ, ಎಂಟು ಆಗಂಗಿಲ್ಲ, ಇಳಸ್ರಿ ಅಂದ್ರು. ಬೀಡಿ ಬಿಟ್ರಷ್ಟೇ ಎಂಟಮ್ಮಾ ಅಂದೆ. ಕೊಟ್ಟಿಗಿ ತೊಲ್ಯಾಗ ಇನ್ನೊಂದು ಕಟ್ಟು ಐತಿ, ನಾನು ತಗದು ಸುಡ್ತೀನಿ, ಅದಕ್ಕೆಷ್ಟು ಇಳಸ್ತೀರಿ ಅಂದ್ರು. ಏಳಕ್ಕ ಬಂದೆ."

"ಮತ್ತ ನನಗ್ಯಾಕ ಹೇಳಲಿಲ್ರಿ?"

"ಅಮ್ಮಾರೇ ಬ್ಯಾಡ ಅಂದ್ರು. ಅವರಿಗೆ ಎಂಟು ಅಂತಾನ ಇರಲಿ, ನಾನೇ ಗೆದ್ದೀನಿ ಅಂತ ಒಳಗ ಹೋಗಲಿ ಅಂದ್ರು."

ಸೋಂಪು ಇಟ್ಟ ಇಲಿ ಮೂಸಂಬಿಯ ತೊಳೆಯೊಂದನ್ನು ನನ್ನ ಬಾಯಿಗಿಟ್ಟಿತು. ನನಗೆ ಅಳು ಮತ್ತು ನಗು ಒಟ್ಟಿಗೆ ಬಂದವು. ನಗು ಗೆದ್ದಿತು. ಎದೆಯ ಮೂಳೆ ಹೊಲಿಸಿಕೊಂಡವರು ನಗುವಾಗ ದಿಂಬು ಅವುಚಿಕೊಳ್ಳಬೇಕು. ದಿಂಬು ಅವುಚಿಕೊಂಡೇ ನಕ್ಕೆ. ಸದ್ದು ಕೇಳಿ ನರ್ಸಮ್ಮ ಫೈಲ್ ಹಿಡಿದು ಓಡಿ ಬಂದಳು.

"ಏನಾಯ್ತು? ನೋವು ಎಷ್ಟು?"

"ಆರು," ಅಂದೆ.

ಆಕೆ ಡಾಕ್ಟರ ಬರಹ ನೋಡಿ, ಎರಡು ಕಳೆದು, ನಾಲ್ಕು ಅಂತ ಬರೆಯಲು ಪೆನ್ನು ಎತ್ತಿದಳು. ಹೆಂಡತಿ ಆಕೆಯ ಕೈ ತಡೆದಳು.

"ಇನ್ನೊಂದು ಇಳಸ್ರಿ ಸಿಸ್ಟರಮ್ಮ. ಮೂರಕ್ಕ ಬರ್ತಾರ."